ಮೂರನೇ ಸಾಕ್ಷಿ

ನವನಗರದ ಪತ್ತಿನ ಸಂಘದ ಹಿಂದಿನ ಖೋಲಿಯಲ್ಲಿ ಒಂದು ಸರ್ವರ್,
ಹಳೇ ಬಾಗಲಕೋಟೆಯ ಶಾಖೆಯಲ್ಲಿ ಇನ್ನೊಂದು.
ಹುಬ್ಬಳ್ಳಿಯಿಂದ ಬಂದವ ಅಂದ:
‘ಎರಡು ಪ್ರತಿ ಸಾಕ್ರಿ. ಇಲ್ಲಿ ಬರದದ್ದು ಅಲ್ಲೂ ಬೀಳತೈತಿ.’

ದಫ್ತರದ ರಾಜೇಸಾಬ ನದಾಫ ಚಹಾ ಕೆಳಗಿಟ್ಟ:
‘ನಡುವಿನ ತಂತಿ ಹರದ ದಿನ
ಎರಡೂ ನಾನಽ ಖರೆ ಅಂದ್ರ?’

ಅವನಿಗೆ ಗೊತ್ತು. ಹಿನ್ನೀರು ಬಂದ ವರ್ಷ
ಅವನಪ್ಪನ ಒಂದೇ ಮನೆಗೆ
ಎರಡು ಉತಾರ, ಎರಡು ಅಳತೆ.
ಗ್ವಾಡಿ ನೀರೊಳಗ;
ಕೇಳೋದು ಯಾರನ್ನ?

ವಿದ್ಯಾಗಿರಿಯಲ್ಲಿ ಹಳೇ ಡಬ್ಬಿಯೊಂದನ್ನು ಕೂರಿಸಿದೆ.
ಒಂದು ರೂಪಾಯಿಯ ಲೆಕ್ಕವೂ ಅದರಲ್ಲಿಲ್ಲ,
ಯಾರು ಎಚ್ಚರ ಅನ್ನುವುದಷ್ಟೇ.

ಶನಿವಾರ ಸಂಜೆ ನಾನೇ ತಂತಿ ಕಿತ್ತೆ.
ಎರಡರಲ್ಲೊಂದು ತಾನಾಗಿ ಸುಮ್ಮನಾಯಿತು.

ರಾಜೇಸಾಬ ಪರದೆ ನೋಡಲಿಲ್ಲ,
ಮಾಳಿಗೆ ಹತ್ತಿ
ನೀರಿನ ಕಡೆ ಮುಖ ಮಾಡಿ
ಬೀಡಿ ಹಚ್ಚಿದ.