ಅರವತ್ತನಾಲ್ಕನೆಯ ಸಾಲು

ರೋಬೋ ಬರುತ್ತದೆ ಅಂದಾಗ ಜವಾನ ಪುರಸೋ
ಮೂಲೆಯ ಐಸ್ ಪೆಟ್ಟಿಗೆ ಸರಿಸಿ ಜಾಗ ಮಾಡಿಟ್ಟಿದ್ದ.
ಬಂದದ್ದು ಭಟ್ಕಳದ ಸುಮೈಯಾ, ಒಂದು ಲ್ಯಾಪ್‌ಟಾಪು,
ಮಧ್ಯಾಹ್ನಕ್ಕೆಂದು ಕಟ್ಟಿಕೊಂಡ ಶಾವಿಗೆ ಡಬ್ಬಿ.
ರೋಬೋಗೆ ಕೈಯಿಲ್ಲ, ಕಾಲಿಲ್ಲ, ಕೂರಲು ಸ್ಟೂಲೂ ಬೇಡ.
ಪುರಸೋಗೆ ಬೇಸರವಾಯಿತು.

"ದಿನಾ ಮಾಡುವ ಹಾಗೇ ಮಾಡಿ ಅಕ್ಕಾ,
ಅದು ನೋಡಿ ಕಲಿಯುತ್ತದೆ."
ಹದಿನೇಳು ವರ್ಷದಲ್ಲಿ ಬೈತಖೋಲದ ಈ ಸೊಸೈಟಿಯಲ್ಲಿ
ನನ್ನಿಂದ ಕಲಿಯುತ್ತೇನೆ ಎಂದವರು ಯಾರೂ ಇರಲಿಲ್ಲ.
ಸೆರಗು ಸರಿಮಾಡಿಕೊಂಡು ಕೂತೆ, ಫೋಟೋಕ್ಕೆ ಕೂತಂತೆ.

ಈ ಹಾಳೆಯಿಂದ ಬೋಟಿನ ಹೆಸರು, ಆ ಹಾಳೆಗೆ.
ನೋಂದಣಿ ನಂಬರು. ಡೀಸೆಲ್ ಎಷ್ಟು ಲೀಟರು.
ಟ್ಯಾಬ್, ಟ್ಯಾಬ್, ಎಂಟರ್.
ನೂರಾ ಹನ್ನೆರಡು ಬೋಟು, ನೂರಾ ಹನ್ನೆರಡು ಸಲ,
ಬಲೆಯ ಕಣ್ಣು ಹೆಣೆದ ಹಾಗೆ. ನಮ್ಮ ಆಯಿ ಹೆಣೆಯುತ್ತಿದ್ದಳು,
ಅವಳ ಕೈಗೇ ಲೆಕ್ಕ ಬರುತ್ತಿತ್ತು.

ಮರುದಿನ ಅದೇ ಓಡಿತು. ಪರದೆ ಮೇಲೆ ಬಾಣದ ಗುರುತು
ಒದ್ದೆ ಮರಳಲ್ಲಿ ಏಡಿಮರಿ ಹರಿದಂತೆ.
ನನ್ನ ಅರ್ಧ ದಿನ ಅದಕ್ಕೆ ಎರಡು ನಿಮಿಷ, ಚಿಲ್ಲರೆ.
"ಇದು ಚೌತಿಗೆ ರಜೆ ಕೇಳುವುದಿಲ್ಲ" ಎಂದು ಮ್ಯಾನೇಜರ್ ನಕ್ಕರು.
ನಾನೂ ನಕ್ಕೆ, ಸಂಬಳ ಕೊಡುವವರ ಮಾತಿಗೆ
ಎಷ್ಟು ಬೇಕೋ ಅಷ್ಟು.

ಅರವತ್ತನಾಲ್ಕರಲ್ಲಿ ಅದು ನಿಂತಿತು.
"ಇಲ್ಲಿ ಹತ್ತೊಂಬತ್ತು ಸೆಕೆಂಡು ಸುಮ್ಮನಿದೆ" ಅಂದಳು ಸುಮೈಯಾ,
"ಕಲಿಸುವಾಗ ನೀವು ನಿಂತಿದ್ದಿರಾ? ತೆಗೆದುಬಿಡಲೇ?"

ಅದು 'ಜಟಗ ಪ್ರಸಾದ'.
ದೇವಗಡದ ದೀಪ ದಾಟಿ ಹೋದದ್ದು, ಆರು ಜನ.
ಎರಡು ತೇಲುಗುಂಡು ಬಿಟ್ಟರೆ ಏನೂ ದಡಕ್ಕೆ ಬರಲಿಲ್ಲ.
ಕಾಗದಪತ್ರ ಮುಗಿಯದೆ ಹೆಸರು ತೆಗೆಯುವಂತಿಲ್ಲ,
ಲೀಟರಿನ ಜಾಗದಲ್ಲಿ ದಿನಾ ಸೊನ್ನೆ ಹೊಡೆಯಬೇಕು.
ಅದರ ತಾಂಡೇಲ ಚೀಟಿಗೆ ಸಹಿ ಹಾಕುವಾಗ
ನನ್ನ ಪೆನ್ನಿಗೆ ಮೀನಿನ ಪರೆ ಹತ್ತುತ್ತಿತ್ತು, ಬಯ್ಯುತ್ತಿದ್ದೆ.
ಅಷ್ಟೇ. ಅದಕ್ಕಿಂತ ಹೆಚ್ಚು ಪರಿಚಯವಿರಲಿಲ್ಲ.
ಅಷ್ಟು ಹೊತ್ತು ನಿಲ್ಲುತ್ತೇನೆಂದು
ನನಗೇ ಗೊತ್ತಿರಲಿಲ್ಲ.

"ಇಲ್ಲಿ ಸರ್ವರ್ ನಿಧಾನ" ಅಂದೆ, "ಇರಲಿ ಬಿಡು."
ಅವಳು ನನ್ನನ್ನು ನೋಡಿದಳು, ಪರದೆಯನ್ನು ನೋಡಿದಳು,
ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟಳು.

ಈಗ ಜೂನ್. ಮೀನುಗಾರಿಕೆ ಬಂದ್.
ಬೋಟುಗಳೆಲ್ಲ ತಾಡಪಾಲು ಹೊದ್ದು ದಕ್ಕೆಯಲ್ಲಿವೆ.
ರಾತ್ರಿ ಬೀಗ ಬಿದ್ದ ಕಚೇರಿಯೊಳಗೆ ಅದು ಒಂದೇ ಸಮ
ಸೊನ್ನೆ, ಸೊನ್ನೆ, ಸೊನ್ನೆ.
ಬೆಳಿಗ್ಗೆ ಬಂದವಳು ಮೊದಲು ದಾಖಲೆ ತೆರೆದು ನೋಡುತ್ತೇನೆ:
ಒಂದು ಸೆಕೆಂಡು, ಒಂದು ಸೆಕೆಂಡು, ಒಂದು,
ಅರವತ್ತನಾಲ್ಕಕ್ಕೆ ಹತ್ತೊಂಬತ್ತು.
ಆಮೇಲೆ ಪುರಸೋ ಚಹಾ ತರುತ್ತಾನೆ.