ಅನ್ನಭೇದಿ

ಸಂಖದ ಮಡ್ಡಿ ಹೊಲ. ಒಂದು ಮೊಳ ಅಗದರ ಸಾಕು,
ಸಲಿಕಿ ಬಾಯಿಗೆ ಬೆಳ್ಳನ ಹರಳು ಹತ್ತತಾವ.
ಬೋರಿನ ನೀರು ಕಾಸಿದ ಹಂಡೆದ ತಳಕ್ಕೂ
ಅದಽ ಸುಣ್ಣ, ಹಕ್ಕಳಿ ಹಕ್ಕಳಿ.

ಚಾಟನಿ ಆಗಿ ತಿಂಗಳಾಗಿತ್ತು.
ದ್ರಾಕ್ಷಿ ಬಳ್ಳಿ ತುದಿಗೆ ಹೊಸ ಎಲಿ ಬಂದುವು, ಹಳದಿ.
ನರ ಅಷ್ಟ ಹಸರು,
ಬಡಕಲು ಕೈಮ್ಯಾಗ ಎದ್ದು ಕಾಣೂ ನರದಂಗ.
ಬುಡದ ಕಡಿ ಎಲಿ ದಪ್ಪಗ, ಕಪ್ಪಗ,
ಮ್ಯಾಲಿನವ್ರು ಯಾರೋ ಏನೋ ಅನ್ನೂಹಂಗ.

ಬಾಜೂ ಹೊಲದ ಚನಮಲ್ಲಪ್ಪ ಅಂದ: ಕಬ್ಬಿಣ ಕಮ್ಮಿ ಆಗೈತಿ.
ತಾನಽ ಹೋಗಿ ತಂದ, ಮುರಕ ಕುಳ, ಚಕ್ಕಡಿ ಹಳಿ,
ಕತ್ತಿ ಲಾಳ ಮೂರು, ತೂತು ಬಿದ್ದ ಬಾಣಲಿ.
ಬಳ್ಳಿ ಬುಡಕ್ಕ ಹುಗದಿವಿ.
ಹುಗದದ್ದು ಜಂಗು ಹಿಡಕೊಂಡು ಅಲ್ಲೇ ಕುಂತಿತು.
ಎಲಿ ಇನ್ನಷ್ಟು ಬೆಳ್ಳಗಾತು.

ಜತ್ತದಿಂದ ಸ್ಕೂಟಿ ಮ್ಯಾಲ ಬಂದಳು ಘೋರ್ಪಡೆ ಬಾಯಿ,
ಕೃಷಿ ಸಹಾಯಕಿ, ಸಾತಾರಾ ಕಡಿಯಾಕಿ.
ಹೆಂಟಿ ಮ್ಯಾಲ ಸೀಸೆಯ ಆಮ್ಲ ಎರಡು ಹನಿ ಬಿಟ್ಟಳು,
ಮಣ್ಣು ಸುಸ್ಸ್ ಅಂತ ನೊರಿ ಕಾರಿತು.
"ಚುನಖಡಿ" ಅಂದಳು.
ನಾ ಅತ್ತಿ ಕಡಿ ಹೊಳ್ಳಿ "ಸುಣ್ಣ" ಅಂದೆ.
ಕಬ್ಬಿಣ ಬೇಕಾದಷ್ಟು ಐತಂತ ಅತ್ತಿ, ಮಣ್ಣಾಗಽ ಐತಂತ,
ಸುಣ್ಣ ಅದರ ಬಾಯಿ ಕಟ್ಟೈತಂತ.
"ಕಣಜ ತುಂಬೈತಿ, ಕೀಲಿ ನಾದಿನಿ ಸೆರಗಿನಾಗೈತಿ ಅನ್ನು"
ಅಂದಳು ನೀಲವ್ವತ್ತಿ.
ಇದನ್ನ ಮರಾಠಿಗೆ ತರಾಕ ಬರಲಿಲ್ಲ ನನಗ. ನಕ್ಕು ಬಿಟ್ಟೆ.

ಬಾಯಿ ಚೀಲದಿಂದ ಪುಡಿಕಿ ತಗದಳು. "ಹಿರಾಕಸ."
ಆ ಮಾತಿಗೆ ನನ್ನ ಕಡಿ ಕನ್ನಡ ಇರಲಿಲ್ಲ.
ಅಂಗೈ ಮ್ಯಾಲ ತಿಳಿಹಸರು ಹರಳು, ಕಲ್ಲುಸಕ್ಕರಿ ಒಡದಂಗ.
ಅತ್ತಿ ಮೂಸಿದಳು, ನಾಲಿಗಿ ತುದಿಗೆ ಹಚ್ಚಿ ಉಗುಳಿದಳು:
"ಅನ್ನಭೇದಿ ಅಲ್ಲೇನವ್ವ ಇದು!"

ಅಕಿ ಅಪ್ಪ ಚಡಚಣದ ಪ್ಯಾಟ್ಯಾಗ ಲೆಕ್ಕಾ ಬರಿಯಾಂವ.
ಅಳಲಿಕಾಯಿ ಕುಟ್ಟಿ ಕುದಿಸಿ
ಚಿಟಿಕಿ ಅನ್ನಭೇದಿ ಹಾಕಿದರ
ಕಂದು ನೀರು ಕಣ್ಣ ಮುಂದಽ ಕಾಡಿಗಿ ಆಗತಿತ್ತಂತ.
ಕುಟ್ಟಾಕಿ ಇವಳು. ಸೋಸಾಕಿ ಇವಳು.
ಏಳು ವರ್ಷ ಮಸಿ ಮಾಡಿದಳು,
ಒಂದು ಅಕ್ಷರ ಬರೀಲಿಲ್ಲ. ಬರಸಲಿಲ್ಲ ಯಾರೂ.

ಲೀಟರ್ ನೀರಿಗೆ ಐದು ಗ್ರಾಂ, ಲಿಂಬಿ ಉಪ್ಪು ಒಂದು ಗ್ರಾಂ;
ಹುಳಿ ಹಾಕದಿದ್ದರ ಬೋರಿನ ನೀರು
ಬಕೀಟಿನಾಗಽ ಅದನ್ನ ಕೆಡಸತೈತಿ.
ಮೊದಲು ಒಂದ ಎಲಿಗೆ ಹಚ್ಚಿ ನೋಡ್ರಿ,
ನಡು ನರದ ಈ ಕಡಿ ಅಷ್ಟ, ಆ ಕಡಿ ಬಿಡ್ರಿ.
ಎಂಟು ದಿನಕ್ಕ ತಿಳಿತೈತಿ
ಹಸಿವು ಕಬ್ಬಿಣದ್ದೋ ಬ್ಯಾರೆದ್ದೋ.
ಬಾಯಿ ಹೇಳಿದ್ದನ್ನ ನಾ ಒಂದೊಂದಽ ದಾಟಿಸಿದೆ.
ಹೊತ್ತು ಇಳದ ಮ್ಯಾಲ
ಗ್ವಾಡಿಗೆ ಕೆಮ್ಮಣ್ಣು ಬಳಿಯೂ ಕುಂಚ ಹಿಡಕೊಂಡು
ಅತ್ತಿ ಒಬ್ಬಾಕಿನಽ ಹೋದಳು.

ಎಂಟನೇ ದಿನ ಮುಂಜಾನೆ
ಕೆಂಪು ದಾರ ಕಟ್ಟಿದ ಎಲಿ ಅರ್ಧ ಹಳದಿ, ಅರ್ಧ ಹಸರು,
ನಡು ನರದ ಗಡಿ ಕೂದಲೆಳಿಯಷ್ಟೂ ದಾಟಿಲ್ಲ.
ಟಾಕಿ ತುಂಬಸಾಕ ಓಡಿದ ನನ್ನ ಗಂಡ.
ತಿಪ್ಪಿಗೊಬ್ಬರದಾಗ ಕಲಸಿ ಬುಡಕ್ಕೂ ಹಾಕಬೇಕು,
ನೀರು ಹಿಡದು ಬಿಡಬೇಕು,
ಮುಂದಿನ ವರ್ಷ ಮತ್ತ ಇದಽ.
ಸುಣ್ಣ ಎಲ್ಲಿಗೂ ಹೋಗೂದಿಲ್ಲ.

ಪಕ್ಕದ ಬಳ್ಳಿಯೊಳಗ ದಾರ ಇಲ್ಲದ ಇನ್ನೊಂದು ಎಲಿ.
ಹಳದಿ ಮ್ಯಾಲ ಸಣ್ಣಗ, ಸೊಟ್ಟಗ, ಹಸರು ಏನೋ ಮೂಡಿತ್ತು.
ಕನ್ನಡದ "ನೀ" ಅನ್ನಬೇಕಂದ್ರ ಗುಣಿತ ಹರದಿತ್ತು,
ರೇಷನ್ ಕಾರ್ಡಿನ ಮರಾಠಿ ಅಕ್ಷರ ಅನ್ನಾಕ
ತಲಿಗೆರಿ ಇರಲಿಲ್ಲ.
ಬಸವನಹುಳ ಹಾದು ಹೋಗಿದ್ದರೂ ಹೋಗಿರಬೇಕು.

ಅತ್ತಿ ಕಟ್ಟಿ ಮ್ಯಾಲ ಅಡಿಕಿ ಕತ್ತರಸತಿದ್ದಳು.
ಅಡಿಕಿ ಹಿಡದ ಬೆರಳಿಗೆ ಅನ್ನಭೇದಿ ಹತ್ತಿ
ತುದಿ ಕರ್ರಗ, ಮಸಿ.
ಕೇಳಲಿಲ್ಲ ನಾ.
ಆ ಬಳ್ಳಿಗೆ ಪಂಪು ಹೊಡಿಬ್ಯಾಡ ಅಂತ ಗಂಡಗ ಹೇಳಿದೆ,
ಯಾಕ ಅಂತ ಹೇಳಲಿಲ್ಲ.