ಓರೆಯ ಕುರ್ಚಿ

ನನ್ನ ಕೆಲಸ ಓರೆಯಾಗಿ ಕೂರುವುದು.
ನಂಬಿ, ಅದಕ್ಕೆ ಸಂಬಳವಿದೆ.

ಹಲ್ ನಗರದ ಹಳೇ ಮೀನುಗೋದಾಮಿನ ಮೇಲ್ಮಹಡಿ.
ಕಿಟಕಿಗೆ ಕಪ್ಪು ಬಟ್ಟೆ, ಗೋಡೆಗೆ ಕಪ್ಪು ಬಣ್ಣ,
ನೆಲದ ಮೇಲೆ ಸೀಮೆಸುಣ್ಣದ ಅರ್ಧವೃತ್ತ,
ಯಾವ ದೈತ್ಯ ಬಾಲಕನ ಕಂಪಾಸು ಪೆಟ್ಟಿಗೆಯಿಂದ
ಜಾರಿಬಿದ್ದ ಕೋನಮಾಪಕವೋ.
ನಟ್ಟನಡುವೆ ಮೇಜು, ಮೇಜಿನ ಮೇಲೆ ಪರದೆ.
ಎದುರಿಗೆ, ಸೊನ್ನೆ ಡಿಗ್ರಿಯಲ್ಲಿ, ಕ್ಲೈವ್ ವಾರ್ಡೆಲ್.
ಗಾಲಿ ಹಚ್ಚಿದ ಸ್ಟೂಲಿನ ಮೇಲೆ ನಾನು:
ಹದಿನೈದು, ಮೂವತ್ತು, ನಲವತ್ತೈದು.

ಅವನು ಗುಂಡಿ ಒತ್ತುತ್ತಾನೆ.
"ಕಾಣುತ್ತಾ, ವೇಣಿ?"
"ಕಾಣುತ್ತೆ."
ಮತ್ತೆ ಒತ್ತುತ್ತಾನೆ.
"ಈಗ?"
"ಬರೀ ಮಸಿ."
ಇಡೀ ದಿನ ಇಷ್ಟೇ ಮಾತು.
ಇದಕ್ಕಿಂತ ಕಡಿಮೆ ಮಾತಿನ ದಾಂಪತ್ಯಗಳನ್ನು ಕಂಡಿದ್ದೇನೆ.

ಗುಟ್ಟಿನಲ್ಲಿ ದೊಡ್ಡ ಗುಟ್ಟೇನಿಲ್ಲ.
ಚಿತ್ರದ ಪದರಕ್ಕೆ ಅಂಟಿಕೊಂಡು ಇನ್ನೊಂದು ಪದರ,
ದ್ರವಸ್ಫಟಿಕ. ಹೆಸರಿನಲ್ಲೇ ಜಗಳ:
ಹರಳಾದರೆ ಹರಿಯಬಾರದು, ಹರಿದರೆ ಹರಳಲ್ಲ;
ಎರಡು ಕಡೆಗೂ ಹೂಂ ಅಂದು ಬದುಕಿಕೊಂಡ ವಸ್ತು.
ತುಸು ವೋಲ್ಟೇಜು ತಾಕಿಸಿದರೆ
ಮಲಗಿದ್ದ ಅಣುಗಳು ಎದ್ದು ವಾಲಿ ನಿಲ್ಲುತ್ತವೆ.
ನೆಟ್ಟಗೆ ಬಂದ ಬೆಳಕಿಗೆ ಹೋಗಪ್ಪಾ ಎನ್ನುತ್ತವೆ.
ಓರೆಯಲ್ಲಿ ನುಸುಳಿದ್ದರ ಕಿವಿ ಮಾತ್ರ ಹಿಂಡಿ
ಹೊಸಿಲಲ್ಲಿ ಕೂತ ಧ್ರುವಕದ ಬಾಯಿಗೆ ಕೊಡುತ್ತವೆ.

ಅಡ್ಡಗೋಡೆಯ ಮೇಲೆ ದೀಪ ಇಡಬೇಡ ಎಂದು
ಬೈಸಿಕೊಂಡು ಬೆಳೆದವಳು ನಾನು.
ಇಲ್ಲಿ ಅಡ್ಡಗೋಡೆಯೇ ದೀಪ.
ಒಮ್ಮೆ ಒತ್ತಿದರೆ ಒಬ್ಬರಿಗೆ, ಇನ್ನೊಮ್ಮೆ ಒತ್ತಿದರೆ ಊರಿಗೆ.

ದಾರಿಯಲ್ಲಿ ಕೆನೆಬಣ್ಣದ ಟೆಲಿಫೋನ್ ಗೂಡುಗಳಿವೆ.
"ಗಾಜಿನಾಚೆ ಬಾಯಿ ಆಡುವುದು ಕಾಣುತ್ತಿತ್ತು,
ಮಾತು ಕೇಳುತ್ತಿರಲಿಲ್ಲ," ಅನ್ನುತ್ತಾನೆ ಕ್ಲೈವ್.
"ನಾವು ಅದನ್ನೇ ಕಣ್ಣಿಗೆ ಮಾಡುತ್ತಿದ್ದೇವೆ."

ಪರೀಕ್ಷೆಗೆ ಯಾವ ಬರಹವಾದರೂ ಆದೀತು.
ದೋಣಿಗಳ ವೇಳಾಪಟ್ಟಿ, ರಗ್ಬಿಯ ಅಂಕಗಳು,
ಒಮ್ಮೆ ಕ್ಯಾರೆಟ್ ಕೇಕು ಮಾಡುವ ವಿಧಾನ.
ಮಾರ್ಚಿಯ ಆ ದಿನ
ಹಂಬರ್ ನದಿಯ ಮಂಜು ಮೆಟ್ಟಿಲವರೆಗೂ ಬಂದಿತ್ತು.
ಏನು ತೆರೆದನೋ, ಹೇಳಲಿಲ್ಲ.
ನಲವತ್ತೈದು: ಮಸಿ.
ನಲವತ್ತು: ಮಸಿ.
ಮೂವತ್ತಕ್ಕೆ ಸ್ಟೂಲು ಜರುಗಿಸಿದೆ.
ಕತ್ತಲು ಅಲ್ಲಿ ತುಸು ಹಳಸಿತ್ತು.
ಬಟ್ಟೆಯ ಹಿಂಬದಿಯಲ್ಲಿ ಕಸೂತಿ ಕಾಣುವ ಹಾಗೆ
ಆಸ್ಪತ್ರೆಯ ಹೆಸರು. ಪ್ರಿಯ ಶ್ರೀ ವಾರ್ಡೆಲ್.
ಎಡ ಶ್ವಾಸಕೋಶ. ಒಂಬತ್ತನೆಯ ತಾರೀಖು.
ಜೊತೆಗೆ ಯಾರನ್ನಾದರೂ ಕರೆದುಕೊಂಡು ಬನ್ನಿ.

"ವೇಣಿ, ಈಗ?"

ನನ್ನ ತೊಡೆಯ ಮೇಲೆ ಹಾಳೆ, ಹಾಳೆಯಲ್ಲಿ ಚೌಕ.
ಇಲ್ಲ ಎಂದು ಬರೆದರೆ ಅವನಿಗೆ ನೆಮ್ಮದಿ;
ನಾಳೆ ಯಾವ ರೈಲಿನಲ್ಲೋ ಯಾವಳೋ ಹುಡುಗಿ
ನಂಬಿ ತೆರೆದ ಪತ್ರವನ್ನು
ಪಕ್ಕದ ಸೀಟಿನವನು ಪುಕ್ಕಟೆ ಓದುತ್ತಾನೆ.
ಹೌದು ಎಂದರೆ

ಶಾಯಿ ಒಣಗಿದೆಯೆಂದು ಪೆನ್ನು ಜಾಡಿಸಿದೆ.
ಒಣಗಿರಲಿಲ್ಲ.
ಮೂವತ್ತು ಡಿಗ್ರಿ. ಸೋರಿಕೆ ಇದೆ. ಓದಬಹುದು.
ಬರೆದದ್ದನ್ನೇ ಹೇಳಿದೆ, ಹಾಳೆಯಿಂದ ಕಣ್ಣೆತ್ತದೆ.

ಕ್ಲೈವ್ ಬಹಳ ಹೊತ್ತು ಪರದೆಯನ್ನೇ ನೋಡಿದ.
"ಎಲ್ಲಿಯವರೆಗೆ?"
"ಕರೆದುಕೊಂಡು ಬನ್ನಿ, ಅನ್ನುವವರೆಗೆ."

ಎಲ್ಲೋ ಹಡಗಿನ ಕೊಂಬು ಕೂಗಿತು.
ಅವನ ಕೈ ಮುಂದೆ ಬಂತು. ಕ್ಲಿಕ್.
ಎದ್ದು ನಿಂತಿದ್ದ ಅಣುಗಳೆಲ್ಲ ಒಟ್ಟಿಗೆ ಮಲಗಿದವು.
ಮದುವೆಯಲ್ಲಿ ಅಂತರಪಟ ಸರಿದಾಗ
ಬೊಗಸೆಯಲ್ಲಿ ಜೀರಿಗೆ ಬೆಲ್ಲವಿರುತ್ತದೆ.
ಇಲ್ಲಿ ಯಾರ ಕೈಯಲ್ಲೂ ಏನೂ ಇರಲಿಲ್ಲ.
ಬಿಳಿ ಬೆಳಕು ಕಪ್ಪು ಗೋಡೆಗೆ, ನನ್ನ ಮೊಣಕಾಲಿಗೆ,
ಸೀಮೆಸುಣ್ಣದ ಎಲ್ಲ ಡಿಗ್ರಿಗಳಿಗೂ ಸಮನಾಗಿ ಬಿತ್ತು.

"ಒಂಬತ್ತು ಶುಕ್ರವಾರ ಬರುತ್ತೆ," ಎಂದ.
"ಶುಕ್ರವಾರ ನನಗೆ ರಜೆ," ಎಂದೆ.
ಇರಲಿಲ್ಲ.

ಸ್ಟೂಲು ಉರುಳಿಸಿಕೊಂಡು ಹೋದೆ:
ಹದಿನೈದು,
ಹತ್ತು,
ಹನ್ನೊಂದು ವರ್ಷದಲ್ಲಿ ಮೊದಲ ಸಲ, ಸೊನ್ನೆ.